ಸುವಾರ್ತೆ ಎಂದರೇನು? ಕೇಳಿದ ಮೇಲೆ ಏನು ಮಾಡಬೇಕು? ಒಬ್ಬ ಎಸ್ಟೇಟ್ ರೈಟರ್ ಬರೆದ ಸಮಗ್ರ ಮಾರ್ಗದರ್ಶಿ

ಜುಲೈ ತಿಂಗಳು. ರಾತ್ರಿ ಒಂಬತ್ತು ಗಂಟೆ. ಹೊರಗೆ ಮಳೆ ಬಿಡದೆ ಬಡಿಯುತ್ತಿದೆ. ಕರೆಂಟ್ ಹೋಗಿ ಎರಡು ದಿನ ಆಗಿದೆ. ಯಾರದೋ ಮೊಬೈಲಿಗೆ ಮೆಸೇಜ್ ಬರುತ್ತದೆ: ನಾಳೆ ಜಿಲ್ಲೆಯ ಶಾಲೆಗಳಿಗೆ ರಜೆ. ಮಕ್ಕಳು ಹೆಂಚು ಹಾರಿಹೋಗುವ ಹಾಗೆ ಕೂಗುತ್ತಾರೆ. ಆ ರಜೆಗಾಗಿ ಅವರು ಏನು ಮಾಡಿದ್ದರು? ಏನೂ ಇಲ್ಲ. ಹೋಮ್‌ವರ್ಕ್ ಕೂಡ ಮುಗಿದಿರಲಿಲ್ಲ.

ಸುವಾರ್ತೆ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಪಾದ್ರಿ ಅಲ್ಲ. ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ಇಪ್ಪತ್ತೆರಡು ವರ್ಷ ರೈಟರ್ ಆಗಿದ್ದೆ. ಚೆಕ್‌ರೋಲ್, ಅಂದರೆ ಕೂಲಿಯವರ ಹಾಜರಿ ಪುಸ್ತಕ ಬರೆಯುವುದು, ಮುಂಗಡದ ಲೆಕ್ಕ ಇಡುವುದು, ಶನಿವಾರ ಬಟವಾಡೆ ಮಾಡುವುದು ನನ್ನ ಕೆಲಸ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ. "ನಿಮ್ಮ ಯೇಸು ಹೇಳಿದ್ದು ಏನು ರೈಟ್ರೇ, ಎರಡು ಮಾತಲ್ಲಿ ಹೇಳಿ" ಎಂದು ಕಣದಲ್ಲಿ ಕಾಫಿ ಒಣಗಿಸುತ್ತಾ ಕೇಳಿದವರು ಬಹಳ ಜನ. ಎರಡು ಮಾತಲ್ಲಿ ಹೇಳಲು ಹೋಗಿ ನಾನು ಕೆಡಿಸಿದ್ದೇ ಜಾಸ್ತಿ. ಈಗ ನಿಧಾನವಾಗಿ ಬರೆಯುತ್ತಿದ್ದೇನೆ. ಚರ್ಚಿನ ಮೆಟ್ಟಿಲು ಹತ್ತದವರಿಗೆ ಎಷ್ಟು ಬರೆದಿದ್ದೇನೋ, ಹುಟ್ಟಿದಾಗಿನಿಂದ ಚರ್ಚಿಗೆ ಹೋಗುತ್ತಾ ಇದೇನೆಂದು ಒಮ್ಮೆಯೂ ಕೇಳಿಕೊಳ್ಳದವರಿಗೂ ಅಷ್ಟೇ ಬರೆದಿದ್ದೇನೆ. ನಾನೂ ಮೂವತ್ತು ವರ್ಷ ಆ ಎರಡನೇ ಗುಂಪಿನಲ್ಲೇ ಇದ್ದೆ.

ಹೆಜ್ಜೆ 1: ಪದವನ್ನು ಸರಿಯಾಗಿ ಹಿಡಿದುಕೊಳ್ಳಿ

ಸುವಾರ್ತೆ. ಕ್ಯಾಥೊಲಿಕರು ಶುಭಸಂದೇಶ ಅನ್ನುತ್ತಾರೆ. ಮೂಲ ಗ್ರೀಕ್ ಪದ ಎವಾಂಗೆಲಿಯೊನ್, ಅಂದರೆ ಒಳ್ಳೆಯ ಸುದ್ದಿ. ಯುದ್ಧ ಗೆದ್ದಾಗ, ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದಾಗ ಊರೂರಿಗೆ ಸಾರುತ್ತಿದ್ದ ಸುದ್ದಿಗೆ ಆಗ ಈ ಪದ ಬಳಸುತ್ತಿದ್ದರು.

ಸುದ್ದಿ ಬೇರೆ, ಬುದ್ಧಿವಾದ ಬೇರೆ. "ಮಳೆ ಬರುತ್ತೆ, ಕೊಡೆ ತಗೊಂಡು ಹೋಗು" ಅನ್ನುವುದು ಬುದ್ಧಿವಾದ. ನೀವು ಅದನ್ನು ಪಾಲಿಸಬೇಕು. "ನಾಳೆ ರಜೆ" ಅನ್ನುವುದು ಸುದ್ದಿ. ಬೇರೆ ಯಾರೋ ತೀರ್ಮಾನ ಮಾಡಿ ಆಗಿದೆ, ನೀವು ನಂಬಬೇಕು ಅಷ್ಟೇ. ನಂಬಿದವನು ಬೆಳಿಗ್ಗೆ ಮಲಗಿರುತ್ತಾನೆ. ನಂಬದವನು ಯೂನಿಫಾರಂ ಹಾಕಿಕೊಂಡು ಬಸ್‌ಸ್ಟಾಪಿನಲ್ಲಿ ನೆನೆಯುತ್ತಾನೆ.

ಒಳ್ಳೆಯವನಾಗು, ಸುಳ್ಳು ಹೇಳಬೇಡ, ಬಡವರಿಗೆ ಕೊಡು. ಇವೆಲ್ಲ ಬೇಕಾದ ಮಾತುಗಳೇ, ಬೈಬಲಿನಲ್ಲೂ ಇವೆ. ಆದರೆ ಇವು ಸುವಾರ್ತೆ ಅಲ್ಲ. ದೇವರು ಯೇಸುವಿನ ಮೂಲಕ ಏನು ಮಾಡಿ ಮುಗಿಸಿದ್ದಾನೆ ಅನ್ನುವ ಸುದ್ದಿಯೇ ಸುವಾರ್ತೆ. ಯೇಸುವಿನ ಸುದ್ದಿ ಊರೂರಿಗೆ ಸಾರಿದ ಪೌಲ, ಕೊರಿಂಥ ಎಂಬ ಊರಿನ ಕ್ರೈಸ್ತರಿಗೆ ಬರೆದ ಮೊದಲನೇ ಪತ್ರದ (ಇದು ಬೈಬಲಿನಲ್ಲಿದೆ) 15ನೇ ಅಧ್ಯಾಯದಲ್ಲಿ ಇದನ್ನು ಕೆಲವೇ ಸಾಲಿನಲ್ಲಿ ಹೇಳುತ್ತಾನೆ: ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತ, ಅವನನ್ನು ಹೂಣಿಟ್ಟರು, ಮೂರನೇ ದಿನ ಎದ್ದ, ಹಲವರಿಗೆ ಕಾಣಿಸಿಕೊಂಡ. ಆ ಸಾಲುಗಳಲ್ಲಿ ನೀವು ಮಾಡಬೇಕಾದ್ದು ಒಂದೂ ಇಲ್ಲ, ನೋಡಿ.

ಇಲ್ಲಿ ಒಂದು ವಿಷಯ ನನಗೆ ಇಷ್ಟ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್, ಹತ್ತು ವರ್ಷದ ಮೇಲೆ ನಮ್ಮ ಕೊಡಗಿಗೆ ಬಂದರು. ಆನಂದಪುರದಲ್ಲಿ ಕ್ರೈಸ್ತರ ಊರು ಕಟ್ಟಿದ್ದು ಅವರೇ. ಸಮಾಚಾರದ ಕೆಲಸ ಬಿಟ್ಟು ಬಂದರು ಅಂತ ಹೇಳುವವರಿದ್ದಾರೆ. ಬಿಟ್ಟದ್ದೆಲ್ಲಿ? ಇಲ್ಲಿಗೂ ಸಮಾಚಾರ ಹೊತ್ತುಕೊಂಡೇ ಬಂದರಲ್ವಾ.

ಹೆಜ್ಜೆ 2: ಮಾರ್ಕನ ಸುವಾರ್ತೆ ಓದಿ

ಯೇಸುವಿನ ಬಗ್ಗೆ ಬೇರೆಯವರು ಹೇಳಿದ್ದನ್ನು ಪಕ್ಕಕ್ಕಿಡಿ. ನಾನು ಬರೆಯುತ್ತಿರುವುದನ್ನೂ ಸೇರಿಸಿ. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂದು ನಾಲ್ಕು ಸುವಾರ್ತೆಗಳಿವೆ. ಮಾರ್ಕನದು ಚಿಕ್ಕದು, 16 ಅಧ್ಯಾಯ. ಜೋರಾಗಿ ಓದಿದರೂ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಬೈಬಲನ್ನು ಮೊದಲ ಪುಟದಿಂದ ಶುರು ಮಾಡಬೇಡಿ. ಹಾಗೆ ಹೊರಟವರು ಬಲಿ, ಶುದ್ಧಿಯ ನಿಯಮಗಳೇ ತುಂಬಿದ ಯಾಜಕಕಾಂಡದಲ್ಲಿ ಸಿಕ್ಕಿ ಪುಸ್ತಕ ಅಟ್ಟಕ್ಕೆ ಹಾಕಿದ್ದನ್ನು ನಾನು ಕಂಡಿದ್ದೇನೆ.

ಹಳೆಯ ಕನ್ನಡ ಅನುವಾದ ಸ್ವಲ್ಪ ಗಟ್ಟಿ. ಬಾಯಿಗೆ ಬರಲು ಕಷ್ಟವಾದರೆ ಹೊಸ ಅನುವಾದ ತಗೊಳ್ಳಿ, ಮೊಬೈಲಿನಲ್ಲೂ ಸಿಗುತ್ತವೆ. ಓದುವಾಗ ಪೆನ್ಸಿಲ್ ಕೈಯಲ್ಲಿರಲಿ. ಯೇಸು ಯಾರ ಜೊತೆ ಊಟಕ್ಕೆ ಕೂರುತ್ತಾನೆ, ಯಾರನ್ನು ಮುಟ್ಟುತ್ತಾನೆ, ಯಾರ ಮೇಲೆ ಸಿಟ್ಟಾಗುತ್ತಾನೆ, ಈ ಮೂರಕ್ಕೆ ಮಾತ್ರ ಗುರುತು ಹಾಕಿ. ಅವನು ಸಿಟ್ಟಾಗುವುದು ಯಾರ ಮೇಲೆ ಎಂದು ನೋಡಿದಾಗ, ನನ್ನಂತೆ ಚರ್ಚಿನಲ್ಲೇ ಬೆಳೆದವರಿಗೆ ಮೈ ಜುಮ್ಮೆನ್ನುತ್ತದೆ.

ಹೆಜ್ಜೆ 3: 'ಪಾಪ' ಎಂಬ ಪದಕ್ಕೆ ಹೆದರಬೇಡಿ, ಜಾರಿಕೊಳ್ಳಲೂ ಬೇಡಿ

ಕೊಡವರ ಆಯುಧದ ಹಬ್ಬ ಕೈಲ್ ಪೊಳ್ದ್ ದಿನ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುತ್ತಾರಲ್ವಾ, ಒಂದು ಸಲ ನನ್ನನ್ನೂ ಕರೆದಿದ್ದರು. ನನಗಿಂತ ಮೊದಲು ಹೊಡೆದವರು ಸೈನ್ಯದಿಂದ ನಿವೃತ್ತರಾದ ಸುಬೇದಾರರು. ಗುಂಡು ಕಾಯಿಯ ಪಕ್ಕದ ಎಲೆ ಸವರಿಕೊಂಡು ಹೋಯಿತು. ಬೆರಳಗಲ ಅಷ್ಟೇ. ಆಮೇಲೆ ನನ್ನ ಸರದಿ. ನನ್ನ ಗುಂಡು ಆ ಮರದ ಹತ್ತಿರಕ್ಕೂ ಹೋಗಲಿಲ್ಲ. ಎಲ್ಲರೂ ನಕ್ಕರು. ಆದರೆ ಕಾಯಿ ಎರಡು ಸಲವೂ ಹಾಗೇ ತೂಗುತ್ತಿತ್ತು.

ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಪಾಪಕ್ಕೆ ಹೆಚ್ಚಾಗಿ ಬರುವ ಗ್ರೀಕ್ ಪದ ಹಮಾರ್ತಿಯಾ. ಗುರಿ ತಪ್ಪುವುದು ಎಂಬ ಅರ್ಥದಿಂದ ಬಂದ ಪದ. ರೋಮಾಪುರದವರಿಗೆ ಬರೆದ ಪತ್ರದ 3:23ರಲ್ಲಿ (ಅಂದರೆ 3ನೇ ಅಧ್ಯಾಯ, 23ನೇ ವಚನ) ಪೌಲ ಹೇಳುವುದು ಅದನ್ನೇ: ಎಲ್ಲರೂ ತಪ್ಪಿದ್ದಾರೆ, ಎಲ್ಲರೂ ಹಿಂದೆ ಬಿದ್ದಿದ್ದಾರೆ. ನನಗಿಂತ ಸುಬೇದಾರರು ಎಷ್ಟೋ ಮೇಲು. ಆದರೆ ಅವರ ಕಾಯಿಯೂ ಬೀಳಲಿಲ್ಲ. "ನಾನು ಯಾರಿಗೂ ಮೋಸ ಮಾಡಿಲ್ಲ" ಎಂದು ಹೇಳುವವರು ನನಗಿಂತ ಒಳ್ಳೆಯವರೇ ಇರಬಹುದು. ಸುವಾರ್ತೆ ಪಕ್ಕದವನ ಜೊತೆ ಹೋಲಿಸುವುದಿಲ್ಲ. ದೇವರನ್ನು ಪೂರ್ಣ ಮನಸ್ಸಿನಿಂದ ಪ್ರೀತಿಸು, ಪಕ್ಕದವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಎರಡು ಗುರಿ ಮಾತ್ರ ತೋರಿಸುತ್ತದೆ.

ಒಂದು ಸಂಜೆ ಕಾಗದ ತಗೊಂಡು ಕೂತುಕೊಳ್ಳಿ. ಜಮೀನಿನ ವಿಷಯಕ್ಕೆ ಅಣ್ಣತಮ್ಮಂದಿರ ಜೊತೆ ಮಾತು ಬಿಟ್ಟದ್ದು, ಕೂಲಿಯಲ್ಲಿ ಕದ್ದ ಗಂಟೆ, ಹೆಂಡತಿಗೆ ಹೇಳದ ಸಾಲ, ಮಾಡಬಹುದಾಗಿದ್ದೂ ಮಾಡದೆ ಬಿಟ್ಟ ಸಹಾಯ. ಹೆಸರಿಟ್ಟು ಬರೆಯಿರಿ. ಆಮೇಲೆ ಕಾಗದ ಸುಟ್ಟುಬಿಡಿ, ಯಾರಿಗೂ ತೋರಿಸಬೇಡಿ. "ನಾನು ಪಾಪಿ" ಎಂದು ಒಟ್ಟಾರೆ ಹೇಳುವುದು ಸುಲಭ. ಪಟ್ಟಿ ಬರೆಯುವುದು ಕಷ್ಟ.

ನಮ್ಮ ಕನ್ನಡದಲ್ಲಿ ಈ ಪದಕ್ಕೆ ಇನ್ನೊಂದು ಮುಖವೂ ಇದೆ. ಯಾರಾದರೂ ಬಿದ್ದರೆ "ಅಯ್ಯೋ ಪಾಪ" ಅನ್ನುತ್ತೇವೆ. ಮತ್ತಾಯ 9:36ರಲ್ಲಿ ಯೇಸು ಜನರ ಗುಂಪನ್ನು ಕಂಡು ಕುರುಬನಿಲ್ಲದ ಕುರಿಗಳ ಹಾಗಿದ್ದಾರೆ ಎಂದು ಕನಿಕರಪಟ್ಟ ಎಂದು ಓದುವಾಗ, ನನಗೆ ಕೇಳಿಸುವುದು ಆ ಎರಡನೇ ಪಾಪ.

ಹೆಜ್ಜೆ 4: ಶಿಲುಬೆಯಲ್ಲಿ ಏನಾಯಿತು ಎಂದು ಕೇಳಿಕೊಳ್ಳಿ

ಇಲ್ಲಿ ಸ್ವಲ್ಪ ಹೊತ್ತು ಕೂರೋಣ. ಜನ ನನ್ನನ್ನು ಹೆಚ್ಚು ಕೇಳಿದ ಪ್ರಶ್ನೆ ಇದೇ: "ದೇವರು ಸುಮ್ನೆ ಕ್ಷಮಿಸಬಹುದಿತ್ತಲ್ಲ, ಯಾರಾದರೂ ಯಾಕೆ ಸಾಯಬೇಕಿತ್ತು?"

ನಮ್ಮ ತೋಟದಲ್ಲಿ ಹುಣಸೂರು ಕಡೆಯಿಂದ ಬಂದ ಒಬ್ಬ ವಯಸ್ಸಾದವರು ಇದ್ದರು. ಕೂಲಿಯವರ ಸಾಲುಮನೆ, ಅಂದರೆ ಲೈನ್‌ಮನೆಯಲ್ಲಿ ವಾಸ. ಮಗಳ ಮದುವೆಗೆ 18,000 ರೂಪಾಯಿ ಮುಂಗಡ ತಗೊಂಡಿದ್ದರು. ಆಮೇಲೆ ಹೆಂಡತಿಗೆ ಕಾಯಿಲೆ ಆಯಿತು, ಕೆಲಸಕ್ಕೆ ಬಂದ ದಿನಗಳು ಕಡಿಮೆಯಾದವು. ಬಟವಾಡೆಯಲ್ಲಿ ನಾನು ಇನ್ನೂರು ಮುರಿದುಕೊಂಡರೆ ಅಕ್ಕಿಗೆ ಸಾಲುತ್ತಿರಲಿಲ್ಲ. ಮುರಿದುಕೊಳ್ಳದಿದ್ದರೆ ಸಾಲ ಹಾಗೇ ಕೂತಿರುತ್ತಿತ್ತು. ಒಂದು ಶನಿವಾರ ತೋಟದ ಮಾಲೀಕರಾದ ಸಾಹುಕಾರರು ಪುಸ್ತಕ ತರಿಸಿಕೊಂಡರು. ಆ ಪುಟ ತೆಗೆದು ಕೆಂಪು ಪೆನ್ನಿನಲ್ಲಿ ಮೇಲಿಂದ ಕೆಳಗೆ ಗೆರೆ ಎಳೆದರು. 'ಬಾಕಿ ಇಲ್ಲ' ಎಂದು ಬರೆದು ಸಹಿ ಹಾಕಿದರು. ಮಾತಾಡಲಿಲ್ಲ.

ಆದರೆ ಲೆಕ್ಕ ಬರೆಯುವವನಿಗೆ ಗೊತ್ತು, ಗೆರೆ ಎಳೆದರೆ ಹಣ ಮಾಯವಾಗುವುದಿಲ್ಲ. ಆ 18,000 ಎಲ್ಲೋ ಒಂದು ಕಡೆ ಕೂರಲೇಬೇಕು. ವರ್ಷದ ಕೊನೆಗೆ ಪುಸ್ತಕ ಹೊಂದಿಸುವಾಗ ನಾನು ಅದನ್ನು ಸಾಹುಕಾರರ ಸ್ವಂತ ಖಾತೆಗೆ ಬರೆದೆ. ಅವರೇ ಬರೆಸಿದರು. ಕೂಲಿಯವರಿಗೆ ಅದು ಬಿಟ್ಟಿ. ಸಾಹುಕಾರರಿಗೆ ಬಿಟ್ಟಿ ಅಲ್ಲ.

ಕ್ಷಮಿಸುವುದು ಅಂದರೆ ನಷ್ಟವನ್ನು ತಾನೇ ಹೊರುವುದು. ಸುಮ್ನೆ ಕ್ಷಮಿಸುವುದು ಅಂತ ಒಂದು ಇಲ್ಲವೇ ಇಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರದ 2:14ರಲ್ಲಿ ಪೌಲ ಬಳಸುವ ಚಿತ್ರ ನನ್ನ ಮೇಜಿನ ಮೇಲಿನದ್ದೇ: ನಮ್ಮ ಮೇಲಿದ್ದ ಸಾಲದ ಪತ್ರವನ್ನು ದೇವರು ಅಳಿಸಿಹಾಕಿ ಶಿಲುಬೆಗೆ ಮೊಳೆ ಹೊಡೆದ. ಸುಮಾರು ಕ್ರಿ.ಶ. 30ರಲ್ಲಿ, ರೋಮನ್ ಅಧಿಕಾರಿ ಪೊಂತ್ಯ ಪಿಲಾತನ ಕಾಲದಲ್ಲಿ, ಯೆರೂಸಲೇಮಿನ ಹೊರಗೆ ಯೇಸುವನ್ನು ಶಿಲುಬೆಗೆ ಹಾಕಿದರು. ಕ್ರೈಸ್ತರು ನಂಬುವುದು ಇಷ್ಟು: ದೇವರೇ ಮನುಷ್ಯನಾಗಿ ಬಂದು ನಮ್ಮ ಲೆಕ್ಕವನ್ನು ತನ್ನ ಖಾತೆಗೆ ಬರೆದುಕೊಂಡ. ದೇವರು ಯಾರೋ ಮೂರನೆಯವನನ್ನು ಹಿಡಿದು ಹೊಡೆದ ಎಂದು ಯಾರಾದರೂ ವಿವರಿಸಿದರೆ ಒಪ್ಪಬೇಡಿ. ಸಾಲ ಕೊಟ್ಟವನೇ ತೀರಿಸಿದ.

ಯೋಹಾನ 19:30ರಲ್ಲಿ ಯೇಸುವಿನ ಕೊನೆಯ ಮಾತು ಬರುತ್ತದೆ. ಹಳೆಯ ಕನ್ನಡ ಬೈಬಲಿನಲ್ಲಿ ಅದು ಒಂದೇ ಪದ: ತೀರಿತು. ಕೆಲಸ ತೀರಿತು ಅನ್ನುತ್ತೇವೆ. ಸಾಲ ತೀರಿತು ಅನ್ನುತ್ತೇವೆ. ಸತ್ತವರನ್ನು ತೀರಿಕೊಂಡರು ಅನ್ನುತ್ತೇವೆ. ಮೂರೂ ಅಲ್ಲಿ ಒಂದೇ ಪದದೊಳಗೆ ಕೂತಿವೆ. ಇಂಥ ಪದ ಎಲ್ಲ ಭಾಷೆಗೂ ಸಿಕ್ಕಿರಲಾರದು.

ಹೆಜ್ಜೆ 5: ಮೂರನೇ ದಿನವನ್ನು ಬಿಟ್ಟು ಮುಂದೆ ಹೋಗಬೇಡಿ

ಶಿಲುಬೆಯಲ್ಲೇ ಕಥೆ ನಿಂತಿದ್ದರೆ ಅದು ಒಬ್ಬ ಒಳ್ಳೆಯವನ ಸಾವು, ಸುದ್ದಿ ಆಗುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಸಮಾಧಿಗೆ ಹೋದ ಹೆಂಗಸರು ಅದು ಖಾಲಿ ಇದ್ದದ್ದನ್ನು ಮೊದಲು ಕಂಡರು. ಹೆಂಗಸರ ಸಾಕ್ಷಿಗೆ ಆ ಕಾಲದಲ್ಲಿ ಬೆಲೆ ಕಡಿಮೆ. ಕಥೆ ಕಟ್ಟುವವರು ಅವರನ್ನು ಮುಂದೆ ನಿಲ್ಲಿಸುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಸುಮಾರು 25 ವರ್ಷದ ಮೇಲೆ ಪೌಲ ಬರೆಯುವಾಗ, ಎದ್ದ ಯೇಸುವನ್ನು ಒಂದೇ ಸಲ ಕಂಡ 500ಕ್ಕೂ ಹೆಚ್ಚು ಜನರಲ್ಲಿ ಬಹಳ ಮಂದಿ ಇನ್ನೂ ಬದುಕಿದ್ದಾರೆ ಅನ್ನುತ್ತಾನೆ. ಹೋಗಿ ಕೇಳಿ ಅನ್ನುವ ಹಾಗೆ. ನಂಬಲು ಕಷ್ಟವಾದರೆ ಯೋಹಾನ 20 ಓದಿ. ಅಲ್ಲಿ ಯೇಸುವಿನ ಶಿಷ್ಯ ತೋಮ ಇದ್ದಾನೆ. ಅವನೂ ಮೊದಲು ನಂಬಲಿಲ್ಲ, ಯೇಸು ಅವನನ್ನು ಓಡಿಸಲಿಲ್ಲ.

ಹೆಜ್ಜೆ 6: ಬಸ್ಸಿನಿಂದ ಇಳಿಯಿರಿ

ಸುದ್ದಿ ಕೇಳಿ ಆಯಿತು. ಈಗ? ಮಾರ್ಕ 1:15ರಲ್ಲಿ ಯೇಸು ಎರಡು ಮಾತು ಹೇಳುತ್ತಾನೆ: ತಿರುಗಿಕೊಳ್ಳಿ, ನಂಬಿ.

ವಿರಾಜಪೇಟೆಯಲ್ಲಿ ಮಡಿಕೇರಿ ಬಸ್ ಎಂದುಕೊಂಡು ಪೆರುಂಬಾಡಿ ಕಡೆಯ ಬಸ್ ಹತ್ತಿದ್ದೀರಿ ಅನ್ನೋಣ. ಸೀಟು ಸಿಕ್ಕಿದೆ, ಕಿಟಕಿ ಪಕ್ಕ ಬೇರೆ. ಮಾಕುಟ್ಟದ ಕಾಡು ಬಂದಾಗ ತಪ್ಪು ಗೊತ್ತಾಗುತ್ತದೆ. ಆಗ ಅಳುತ್ತಾ ಕೂತರೆ ಬಸ್ ತಿರುಗುವುದಿಲ್ಲ. ಇಳಿಯಬೇಕು, ರಸ್ತೆ ದಾಟಿ ಆ ಕಡೆ ನಿಂತು ಕಾಯಬೇಕು. ಪಶ್ಚಾತ್ತಾಪ ಅಂದರೆ ಅದು. ಬೇಜಾರಾಗುವುದು ಅದರ ಶುರು ಮಾತ್ರ.

ಲೂಕ 19ರ ಜಕ್ಕಾಯ ಸುಂಕ ವಸೂಲಿಯವನು. ಯೇಸು ಅವನ ಮನೆಗೆ ಬಂದ ಮೇಲೆ, ಮೋಸದಿಂದ ತಗೊಂಡಿದ್ದರೆ ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಎಂದ. ಕ್ರಮ ಗಮನಿಸಿ. ಹಣ ಹಿಂದೆ ಕೊಟ್ಟದ್ದಕ್ಕೆ ಯೇಸು ಬರಲಿಲ್ಲ. ಯೇಸು ಬಂದದ್ದಕ್ಕೆ ಹಣ ಹಿಂದೆ ಹೋಯಿತು. ನಿಮ್ಮ ಪಟ್ಟಿಯಲ್ಲಿ ಸರಿಮಾಡಲು ಆಗುವಂಥದ್ದು ಏನಾದರೂ ಇದ್ದರೆ ಈ ವಾರ ಒಂದನ್ನು ಮಾಡಿ. ಒಂದು ಫೋನ್ ಕಾಲ್ ಸಾಕಾಗಬಹುದು.

ಹೆಜ್ಜೆ 7: ನಂಬಿ, ಬಾಯಿಬಿಟ್ಟು ಹೇಳಿ

ಕೆಂಪು ಗೆರೆ ಎಳೆದ ಮುಂದಿನ ಶನಿವಾರ ಆ ವಯಸ್ಸಾದವರು ಎಂದಿನಂತೆ ಇನ್ನೂರು ರೂಪಾಯಿ ಮೇಜಿನ ಮೇಲಿಟ್ಟರು. ಬಾಕಿ ಇಲ್ಲ ಅಂದೆ. "ತಮಾಷೆ ಮಾಡ್ಬೇಡಿ ರೈಟ್ರೇ" ಅಂದರು. ಅದರ ಮುಂದಿನ ಶನಿವಾರವೂ ಅದೇ ನೋಟು, ಅದೇ ಮಾತು. ಮೂರನೇ ವಾರ ನಾನು ಪುಸ್ತಕ ತೆರೆದು ತೋರಿಸಿದೆ. ಅವರಿಗೆ ಓದಲು ಬರುತ್ತಿರಲಿಲ್ಲ. ಕಾಫಿ ಕುಯ್ದು ಕಪ್ಪಾದ ಹೆಬ್ಬೆರಳನ್ನು ಗೆರೆಯ ಮೇಲಿಟ್ಟು ಮೇಲಿಂದ ಕೆಳಗಿನವರೆಗೆ ಎಳೆದರು. ಸಹಿಯ ಹತ್ತಿರ ನಿಲ್ಲಿಸಿದರು. "ಇದು ಸಾಹುಕಾರ್ರದ್ದೇ ಕೈಯಾ?" ಹೌದು ಅಂದೆ. ಇನ್ನೂರು ರೂಪಾಯಿ ಜೇಬಿಗೆ ಹಾಕಿಕೊಂಡರು. ಅವತ್ತು ಲೈನ್‌ಮನೆಯ ಮಕ್ಕಳಿಗೆಲ್ಲ ಜಿಲೇಬಿ.

ಸಾಲ ತೀರಿದ್ದು ಮೊದಲ ವಾರವೇ. ಅವರು ನಂಬಿದ್ದು ಮೂರನೇ ವಾರ. ನಂಬಿಕೆ ಸಾಲ ತೀರಿಸಲಿಲ್ಲ, ತೀರಿದ್ದನ್ನು ಕೈಗೆ ತಗೊಂಡಿತು. ಎಫೆಸದವರಿಗೆ ಬರೆದ ಪತ್ರದ 2:8-9 ಹೇಳುವುದು ಇದನ್ನೇ: ಕೃಪೆಯಿಂದ, ನಂಬಿಕೆಯ ಮೂಲಕ, ಕೆಲಸಗಳಿಂದಲ್ಲ.

ಪ್ರಾರ್ಥನೆ ಮಾಡಲು ಗೊತ್ತಿಲ್ಲ ಅನ್ನುವವರು ಲೂಕ 18ರ ಸುಂಕದವನನ್ನು ನೋಡಿ. ದೇವರೇ, ಪಾಪಿಯಾದ ನನ್ನನ್ನು ಕರುಣಿಸು ಎಂದ, ಅಷ್ಟೇ. ಇನ್ನೂ ಸ್ವಲ್ಪ ಬೇಕೆಂದರೆ ಹೀಗೆ ಹೇಳಬಹುದು:

"ದೇವರೇ, ನಾನು ಗುರಿ ತಪ್ಪಿದ್ದೇನೆ. ನನ್ನ ಲೆಕ್ಕ ನನ್ನ ಕೈಯಿಂದ ತೀರುವುದಿಲ್ಲ. ಯೇಸು ಅದನ್ನು ತೀರಿಸಿದ, ಮೂರನೇ ದಿನ ಎದ್ದ ಎಂದು ನಂಬುತ್ತೇನೆ. ನನ್ನನ್ನು ಕ್ಷಮಿಸು. ಇನ್ನು ಮೇಲೆ ನೀನೇ ನನ್ನ ಒಡೆಯ. ನಿನ್ನ ಆತ್ಮವನ್ನು ನನ್ನೊಳಗೆ ಇಡು."

ಇದು ಮಂತ್ರ ಅಲ್ಲ. ಪದಗಳು ಬದಲಾದರೆ ಏನೂ ಕೆಡುವುದಿಲ್ಲ. ಕೊಡವ ತಕ್ಕ್, ತುಳು, ಮಲಯಾಳ, ತಮಿಳು, ನಿಮ್ಮ ಮನೆಯಲ್ಲಿ ಬೈಯುವ ಭಾಷೆ ಯಾವುದೋ ಅದರಲ್ಲೇ ಮಾತಾಡಿ. ಪುಸ್ತಕದ ಕನ್ನಡದಲ್ಲಿ ಮಾತಾಡಿದರೆ ನಾಟಕದ ಹಾಗೆ ಆಗುತ್ತದೆ. ಹೇಳಿದ ಮೇಲೆ ಮೈಯಲ್ಲಿ ಏನೂ ಆಗದಿದ್ದರೆ ಗಾಬರಿ ಬೇಡ, ನನಗೂ ಏನೂ ಆಗಲಿಲ್ಲ. ನಿದ್ದೆ ಚೆನ್ನಾಗಿ ಬಂತು, ಅಷ್ಟೇ.

ಹೆಜ್ಜೆ 8: ದೀಕ್ಷಾಸ್ನಾನ ಮತ್ತು ಸಭೆ, ಅವಸರ ಬೇಡ

ಯೇಸುವನ್ನು ನಂಬಿದವರು ನೀರಿನಿಂದ ಕೊಡುವ ದೀಕ್ಷಾಸ್ನಾನ ತಗೊಂಡು ಸಭೆಗೆ, ಅಂದರೆ ಚರ್ಚಿನ ಬಳಗಕ್ಕೆ, ಸೇರುವುದು ಮೊದಲಿನಿಂದ ಬಂದದ್ದು. ಬೈಬಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕದ 2ನೇ ಅಧ್ಯಾಯದಲ್ಲಿ ನೋಡಬಹುದು. ಒಬ್ಬರೇ ಮನೆಯಲ್ಲಿ ಕ್ರೈಸ್ತರಾಗಿ ಇರುತ್ತೇನೆ ಅನ್ನುವುದು, ಕೆಂಡವೊಂದನ್ನು ಒಲೆಯಿಂದ ಹೊರಗಿಟ್ಟ ಹಾಗೆ.

ಕೊಡಗಿನಲ್ಲಿ ಚರ್ಚುಗಳಿಗೆ ಬರ ಇಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್ 1792ರಷ್ಟು ಹಳೆಯದು. ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ನೆಲೆ ಕೊಟ್ಟ ಜಾಗ ಅದು. ಕ್ಯಾಥೊಲಿಕರಲ್ಲದೆ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಇದೆ, ಕೇರಳದಿಂದ ಬಂದವರ ಸಿರಿಯನ್ ಸಭೆಗಳಿವೆ, ಪೆಂತೆಕೊಸ್ತ್ ಸಭೆಗಳಿವೆ. ಕ್ಯಾಥೊಲಿಕರಲ್ಲಿ ದೊಡ್ಡವರಿಗೆ ತಿಂಗಳುಗಟ್ಟಲೆ ಪಾಠ ಕೊಟ್ಟು ಸಾಮಾನ್ಯವಾಗಿ ಈಸ್ಟರ್ ಹಿಂದಿನ ರಾತ್ರಿ ದೀಕ್ಷಾಸ್ನಾನ ಕೊಡುತ್ತಾರೆ. ಪೆಂತೆಕೊಸ್ತಿನವರು ದೊಡ್ಡವರನ್ನು ನೀರಿನಲ್ಲಿ ಪೂರ್ತಿ ಮುಳುಗಿಸುತ್ತಾರೆ. ಎರಡು ಮೂರು ಕಡೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಪಾಠದಲ್ಲಿ ಬೈಬಲ್ ತೆರೆಯುತ್ತಾರಾ? ಲೈನ್‌ಮನೆಯವರೂ ತೋಟದವರೂ ಒಂದೇ ಬೆಂಚಿನಲ್ಲಿ ಕೂರುತ್ತಾರಾ? ಎರಡನೇ ಪ್ರಶ್ನೆಗೆ ನಮ್ಮಲ್ಲೇ ಬಹಳ ಕಡೆ ನಾಚಿಕೆಯ ಉತ್ತರ ಸಿಗುತ್ತದೆ, ಅದೂ ಗೊತ್ತಿರಲಿ.

ದುಡ್ಡು, ಕೆಲಸ, ಶಾಲೆ ಸೀಟು ಕೊಡಿಸುತ್ತೇನೆ ಬಾ ಎಂದು ಕರೆದರೆ ಹೋಗಬೇಡಿ. ಬಿಟ್ಟಿ ಸುದ್ದಿಗೆ ಲಂಚ ಯಾಕೆ? ಮಾತ್ರೆ ಬಿಡು, ಪ್ರಾರ್ಥನೆ ಸಾಕು ಅನ್ನುವವರಿಂದಲೂ ದೂರ ಇರಿ. ಧರ್ಮ ಪಾಲಿಸುವ ಸ್ವಾತಂತ್ರ್ಯ ಸಂವಿಧಾನದ 25ನೇ ವಿಧಿಯಲ್ಲಿದೆ, ಅದು ನಿಮ್ಮ ಮನಸ್ಸಾಕ್ಷಿಯ ಸ್ವಾತಂತ್ರ್ಯ. ಬೇರೆ ಯಾರ ಒತ್ತಾಯಕ್ಕೂ ಅಲ್ಲಿ ಜಾಗ ಇಲ್ಲ. ಕಾಗದಪತ್ರದ ಪ್ರಶ್ನೆ ಇದ್ದರೆ ವಕೀಲರನ್ನು ಕೇಳಿ, ಪಾದ್ರಿಯನ್ನಲ್ಲ.

ಚಿಕ್ಕಂದಿನಲ್ಲೇ ದೀಕ್ಷಾಸ್ನಾನ ಆದವರು ಆ ನೀರನ್ನು ನೆನಪು ಮಾಡಿಕೊಳ್ಳಿ. ನಿಮ್ಮ ಹೆಸರಿನಲ್ಲಿ ಅಪ್ಪ ಅಮ್ಮ ಹೇಳಿದ ಹೌದನ್ನು ಈಗ ನೀವೇ ಹೇಳಿ.

ಹೆಜ್ಜೆ 9: ಮನೆಯಲ್ಲಿ

ಹೊಸದಾಗಿ ನಂಬಿದವರು ಮೊದಲು ಮಾಡುವ ತಪ್ಪು, ಆ ರಾತ್ರಿಯೇ ಊಟಕ್ಕೆ ಕೂತಾಗ ಎಲ್ಲರಿಗೂ ಉಪದೇಶ ಮಾಡುವುದು. ಬೇಡ. ಐನ್‌ಮನೆಯ, ಅಂದರೆ ಕೊಡವರ ಮೂಲಮನೆಯ ಹಿರಿಯರಿಗೆ, ಅಜ್ಜಿಗೆ, ನೀವು ಅವರನ್ನು ಬಿಟ್ಟು ಹೋಗುತ್ತೀರಿ ಎಂಬ ಭಯ ಇರುತ್ತದೆ. ತಂದೆತಾಯಿಯನ್ನು ಗೌರವಿಸು ಅನ್ನುವುದು ಹತ್ತು ಆಜ್ಞೆಗಳಲ್ಲಿ ಒಂದು. ಅವರ ದೇವರನ್ನು ಹೀಯಾಳಿಸುವುದು ನಿಮ್ಮ ಕೆಲಸ ಅಲ್ಲ. ಸುಗ್ಗಿಯ ಹಬ್ಬ ಹುತ್ತರಿಗೆ ಊರಿಗೆ ಹೋಗಿ, ಗದ್ದೆಯ ಕೆಲಸಕ್ಕೆ ಕೈ ಹಾಕಿ. ಪೂಜೆಯ ವಿಷಯದಲ್ಲಿ ನಿಮ್ಮ ಮನಸ್ಸಾಕ್ಷಿ ಎಲ್ಲಿ ನಿಲ್ಲುತ್ತದೆ ಎಂದು ಹಿರಿಯರ ಹತ್ತಿರ ಮೊದಲೇ, ಮೆಲ್ಲಗೆ ಹೇಳಿ. ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 8ರಿಂದ 10ನೇ ಅಧ್ಯಾಯಗಳು ಇಂಥ ಪ್ರಶ್ನೆಗೇ ಬರೆದವು. ಕೆಲವು ಮನೆಗಳಲ್ಲಿ ಮಾತು ಮುರಿಯುತ್ತದೆ. ಅದು ನೋಯುತ್ತದೆ, ನೋವಿಲ್ಲ ಎಂದು ಹೇಳಿ ನಾನು ನಿಮಗೆ ಮೋಸ ಮಾಡುವುದಿಲ್ಲ.

ಹೆಜ್ಜೆ 10: ಮತ್ತೆ ಬಿದ್ದಾಗ

ಬೀಳುತ್ತೀರಿ. ಕುಡಿತ ಬಿಟ್ಟವನು ಹುತ್ತರಿ ಹಬ್ಬದಲ್ಲಿ ಮತ್ತೆ ಕುಡಿಯುತ್ತಾನೆ. ಕ್ಷಮಿಸಿದ್ದೇನೆ ಎಂದ ಅಣ್ಣನ ಮೇಲೆ ಬೇಲಿ ಕಂಡ ಕೂಡಲೇ ಸಿಟ್ಟು ಬರುತ್ತದೆ. ಯೋಹಾನನ ಮೊದಲನೇ ಪತ್ರದ 1:9 ಬರೆದದ್ದು ಆಗಲೇ ನಂಬಿದವರಿಗೆ: ಪಾಪಗಳನ್ನು ಒಪ್ಪಿಕೊಂಡರೆ ಆತ ಕ್ಷಮಿಸುತ್ತಾನೆ.

ಆ ವಯಸ್ಸಾದವರ ಹೆಂಡತಿ ಮರುವರ್ಷ ಮತ್ತೆ ಆಸ್ಪತ್ರೆ ಸೇರಿದರು. ದುಡ್ಡು ಬೇಕಿತ್ತು. ಆದರೆ ಕೇಳಲು ಮುಖ ಇರಲಿಲ್ಲ. ಸಾಹುಕಾರರ ಜೀಪ್ ಸದ್ದು ಕೇಳಿದರೆ ಕಾಫಿ ಗಿಡದ ಸಾಲಿನಲ್ಲಿ ಬಗ್ಗಿಬಿಡುತ್ತಿದ್ದರು. ಮೂರು ದಿನ ಹೀಗೆ ನಡೆಯಿತು. ನಾಲ್ಕನೇ ದಿನ ಜೀಪ್ ನಿಂತಿತು. ಸಾಹುಕಾರರು ಇಳಿದು ಗಿಡಗಳ ನಡುವೆ ನಡೆದುಕೊಂಡೇ ಹೋದರು. ಇಬ್ಬನಿಗೆ ಪ್ಯಾಂಟ್ ಮೊಣಕಾಲವರೆಗೆ ನೆನೆದಿತ್ತು.

"ಅಡಗಿಕೊಂಡು ಯಾಕೆ ಓಡಾಡ್ತೀ? ಸಂಜೆ ಮನೆಗೆ ಬಾ."